ಮಾವನ ಹೊಟ್ಟೆ ಮತ್ತು ಅಣಬೆ ಹಬ್ಬ

ನಮ್ಮ ಸೋದರಮಾವ ತಮ್ಮ ಜೀವಮಾನದಲ್ಲಿ ಒಂದೇ ಒಂದು ಪರೀಕ್ಷೆಗೂ ಕೂತವರಲ್ಲ. ಮೂರನೆಯ ಇಯತ್ತೆಯ ವಾರ್ಷಿಕ ಪರೀಕ್ಷೆಯ ದಿನ ಪಾಟಿಯನ್ನು ಶಾಲೆಯ ಕಿಟಕಿಯಲ್ಲಿಟ್ಟು ಹೊರಗೆ ಹೋದವರು ಇವತ್ತಿನವರೆಗೂ ಅದನ್ನು ತೆಗೆದುಕೊಳ್ಳಲು ವಾಪಸು ಬಂದಿಲ್ಲ! ಆದರೆ ಅವರು ಪರೀಕ್ಷೆಗೆ ಕೂರಿಸದ ವಸ್ತು ಈ ಭೂಮಿಯ ಮೇಲೆ ಯಾವುದಿದೆ, ಹೇಳಿ ನೋಡೋಣ? ಕಲ್ಲಂಗಡಿ, ಕೊಡೆ, ಕುರ್ಚಿ, ಕೆಮ್ಮಿನ ಔಷಧಿ, ಮದುವೆಯ ಗಂಡು, ಎಲ್ಲವೂ ಮಾವನ ಮುಂದೆ ಒಮ್ಮೆ ಕೈಕಟ್ಟಿ ನಿಂತು ಪಾಸಾದ ಮೇಲೆಯೇ ಲೋಕಕ್ಕೆ ಹೋಗಬೇಕು.

ಇದಕ್ಕೆ ಅವರ ಕಸುಬೂ ಕಾರಣವಿರಬಹುದು. ಹಾವೇರಿ ಕಡೆಯ ನಮ್ಮ ಹಳ್ಳಿಯಿಂದ ಮೀಸೆ ಮೂಡುವ ವಯಸ್ಸಿನಲ್ಲೇ ವಿಜಯವಾಡಕ್ಕೆ, ಹಳಬರ ಬಾಯಲ್ಲಿ ಬೆಜವಾಡಕ್ಕೆ, ಹೋದ ಮಾವ, ಅಲ್ಲಿ ತಕ್ಕಡಿ ರಿಪೇರಿ ಕಲಿತರು. ಅಲ್ಲಿನ ಪಟಮಟ ಬಡಾವಣೆಯಲ್ಲಿ ಒಂದು ಸಣ್ಣ ಅಂಗಡಿ ಹಾಕಿದರು. ಅಂಗಡಿಯ ಹಿಂದಿನ ಮನೆಯ ತೆಲುಗು ಹುಡುಗಿಯನ್ನೇ ಮದುವೆಯಾದರು. ಅವರೇ ನಮ್ಮ ಅತ್ತೆ. ಅತ್ತೆ ಕನ್ನಡ ಕಲಿತದ್ದು ಮಾವನಿಂದ. ಹಾಗಾಗಿ ಅವರ ಮಾತು ಹಾವೇರಿಯದು, ಮರ್ಯಾದೆ ಬೆಜವಾಡದ್ದು. "ಕುಂಡ್ರಿ ಅಂಡೀ, ಎರಡು ರೊಟ್ಟಿ ತಿಂದು ಹೋಗ್ರಿ ಅಂಡೀ" ಎಂದು ಅವರು ಬಾಗಿಲಲ್ಲಿ ನಿಂತು ಕರೆದರೆ, ನನಗೆ ಎರಡು ರಾಜ್ಯಗಳು ಕೂಡಿ ಊಟಕ್ಕೆ ಕರೆದ ಹಾಗಾಗುತ್ತದೆ!

ಪಟಮಟದ ಮಾರುಕಟ್ಟೆಗೆ ಮಾವ ಕಾಲಿಟ್ಟರೆ ಅಂಗಡಿಯವರು ಒಬ್ಬರಿಗೊಬ್ಬರು ಕೂಗಿ ಹೇಳುತ್ತಾರೆ: "ವಚ್ಚಾರಂಡೀ ಇನ್‌ಸ್ಪೆಕ್ಟರ್ ಗಾರು!" ಇನ್‌ಸ್ಪೆಕ್ಟರ್ ಸಾಹೇಬರು ಬಂದರು ಅಂತ. ಮಾವನಿಗೆ ಇದರಲ್ಲಿ ಸ್ವಲ್ಪವೂ ಕುಚೋದ್ಯ ಕಾಣಿಸುವುದಿಲ್ಲ. ಒಮ್ಮೆ ಕೊಡೆ ಕೊಳ್ಳಲು ನನ್ನನ್ನು ಕರೆದುಕೊಂಡು ಹೋದರು. ಕೊಡೆ ಬಿಚ್ಚಿದರು, ಮುಚ್ಚಿದರು, ಆಮೇಲೆ ಅಂಗಡಿಯವನನ್ನು ಕೇಳಿದರು, ಇಲ್ಲಿ ನಲ್ಲಿ ಎಲ್ಲಿದೆ? ಅವನು ಪಾಪ, ಕುಡಿಯುವುದಕ್ಕಿರಬೇಕು ಎಂದುಕೊಂಡು ತೋರಿಸಿದ. ಮಾವ ಕೊಡೆ ಬಿಚ್ಚಿಕೊಂಡು ನಲ್ಲಿಯ ಕೆಳಗೆ ಕೂತರು! ಅಂಗಡಿಯವನು ತಲೆಯ ಮೇಲೆ ಕೈ ಹೊತ್ತು ನನ್ನನ್ನು ನೋಡಿದ. ನಾನು ಎದುರಿನ ಅಂಗಡಿಯ ಬಳೆಗಳನ್ನು ನೋಡಿದೆ. ಕೊಡೆಯೇನೋ ಪಾಸಾಯಿತು. ಆದರೆ ಮಾವ ಅದನ್ನು ಕೊಳ್ಳಲಿಲ್ಲ. "ಇದು ಒದ್ದಿ ಆಗೇತಿ, ಹೊಸಾದು ಕೊಡು" ಅಂದರು.

ನನ್ನ ಗಂಡನ ಕಥೆ ಕೇಳಿ. ಹೆಣ್ಣು ನೋಡುವ ಶಾಸ್ತ್ರಕ್ಕೆ ಅವರ ಮನೆಯವರು ಬಂದಾಗ ಎಲ್ಲರೂ ಹುಡುಗನ ಓದು, ಕೆಲಸ, ಆಸ್ತಿ ವಿಚಾರಿಸುತ್ತಿದ್ದರೆ, ಮಾವ ಮೆಲ್ಲಗೆ ಅಡುಗೆಮನೆಗೆ ಬಂದು ಒಂದು ಲೋಟ ಚಹಾಕ್ಕೆ ಸಕ್ಕರೆ ಹಾಕದೆ ಒಯ್ದು ಹುಡುಗನ ಕೈಗೆ ಕೊಟ್ಟರು. ಹುಡುಗ ಒಂದು ಗುಟುಕು ಕುಡಿದ. ಕಣ್ಣು ಮಿಟುಕಿಸಿದ. ಪೂರ್ತಿ ಕುಡಿದು ಲೋಟ ಕೆಳಗಿಟ್ಟು "ಚಲೋ ಇತ್ತು" ಅಂದ. ಮಾವ ಒಳಗೆ ಬಂದು ನಮ್ಮವ್ವನ ಕಿವಿಯಲ್ಲಿ ಹೇಳಿದರು: "ಈ ಹುಡುಗ ಸಂಸಾರ ಮಾಡ್ತಾನ. ಕೊಟ್ಟುಬಿಡು." ಅಲ್ಲಿಗೆ ನನ್ನ ಮದುವೆ ನಿಶ್ಚಯವಾಯಿತು. ಪರಿಣಾಮ ಏನು ಗೊತ್ತೇ? ಅಂದಿನಿಂದ ಇಂದಿನವರೆಗೂ ಪಟಮಟದ ಮನೆಯಲ್ಲಿ ನನ್ನ ಗಂಡನಿಗೆ ಸಕ್ಕರೆಯಿಲ್ಲದ ಚಹಾವೇ ಬರುತ್ತದೆ. ಅಳಿಯನಿಗೆ ಹಾಗೇ ಇಷ್ಟ ಎಂದು ಅತ್ತೆ ತಿಳಿದಿದ್ದಾರೆ. ಈಗ ನಿಜ ಹೇಳುವ ಧೈರ್ಯ ನನ್ನ ಗಂಡನಿಗೂ ಇಲ್ಲ, ನನಗೂ ಇಲ್ಲ.

ಇಷ್ಟೇ ಆಗಿದ್ದರೆ ಮಾವನನ್ನು ಬರೀ ಸಂಶಯದ ಪ್ರಾಣಿ ಎಂದು ಕರೆದು ಸುಮ್ಮನಾಗಬಹುದಿತ್ತು. ಆದರೆ ತಿನ್ನುವ, ಕುಡಿಯುವ ವಸ್ತುವಿನ ವಿಷಯದಲ್ಲಿ ಅವರ ನಿಯಮವೇ ಬೇರೆ. ಮೊದಲು ತಾವು ತಿನ್ನಬೇಕು. ಒಂದು ತಾಸು ಕಾಯಬೇಕು. ತಮಗೇನೂ ಆಗದಿದ್ದರೆ ಮನೆಯವರಿಗೆ. ಬೇಸಿಗೆ ರಜೆಗೆ ಅವರ ಮನೆಗೆ ಹೋಗಿದ್ದ ನನಗೆ ಒಮ್ಮೆ ಜ್ವರ ಬಂದು ಡಾಕ್ಟರು ಸಿರಪ್ ಬರೆದುಕೊಟ್ಟಿದ್ದರು. ಮಾವ ಪ್ರತಿ ಸಲವೂ ಮೊದಲು ತಾವೊಂದು ಚಮಚ ಕುಡಿದು, ಗಡಿಯಾರ ನೋಡುತ್ತ ಕೂತು, ಆಮೇಲೆ ನನಗೆ ಕುಡಿಸಿದರು. ಸಂಜೆಯ ಹೊತ್ತಿಗೆ ನಾನು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆ. ಮಾವ ಮಾತ್ರ ಅಂಗಡಿಯ ಗಲ್ಲೆಯ ಮೇಲೆ ತಲೆಯಿಟ್ಟು ಗಾಢ ನಿದ್ದೆಯಲ್ಲಿದ್ದರು!

ಇಂಥ ಮಾವನಿಗೆ ನನ್ನ ನೌಕರಿ ಎಂದರೆ ಬಹಳ ಕುತೂಹಲ. ನಾನು ನಮ್ಮ ಮನೆತನದಲ್ಲಿ ಪದವಿ ಕಂಡ ಮೊದಲನೆಯವಳು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಕೇಳದಿದ್ದರೂ ಹೇಳುತ್ತೇನೆ. ಹಾಸ್ಟೆಲಿನ ತಣ್ಣನೆಯ ಅನ್ನ ಉಂಡು, ಅಕ್ಕಂದಿರ ಹಳೆಯ ಚೂಡಿದಾರ ತೊಟ್ಟು, ಇಂಗ್ಲಿಷ್ ಪುಸ್ತಕದ ಒಂದೊಂದು ಸಾಲನ್ನೂ ಕಲ್ಲು ಒಡೆದ ಹಾಗೆ ಒಡೆದು ಓದಿ, ಸೂಕ್ಷ್ಮಜೀವಿ ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದೆ. ಈಗ ವಿಶಾಖಪಟ್ಟಣದ ಒಂದು ಔಷಧಿ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಗುಳಿಗೆ, ಟಾನಿಕ್ಕುಗಳನ್ನು ಪರೀಕ್ಷಿಸುವ ಕೆಲಸ. ನಮ್ಮವ್ವನಿಗೆ ನನ್ನ ಕೆಲಸ ಏನೆಂದು ಇನ್ನೂ ಅರ್ಥವಾಗಿಲ್ಲ. ಮಾವನಿಗೆ ಕೇಳಿದ ಕೂಡಲೇ ಅರ್ಥವಾಯಿತು.

"ಪರೀಕ್ಷಾ ಮಾಡೂದಕ್ಕ ಪಗಾರ ಕೊಡ್ತಾರೇನು?" ಎಂದು ಬಾಯಿ ಬಿಟ್ಟುಕೊಂಡು ಕೇಳಿದರು. "ಇಷ್ಟು ವರ್ಷ ನಾನು ಪುಕ್ಕಟೆ ಮಾಡೀನಲ್ಲವ್ವಾ!"

ಆಮೇಲೆ ಸ್ವಲ್ಪ ಯೋಚಿಸಿ ಕೇಳಿದರು: "ನೀನು ಗುಳಿಗಿ ತಿಂದು ನೋಡ್ತೀಯೇನು?"

"ಇಲ್ಲ ಮಾವ. ಯಂತ್ರ ಐತಿ, ಅದು ಹೇಳ್ತೈತಿ."

"ಯಂತ್ರಕ್ಕ ಹೊಟ್ಟಿ ಐತೇನು?"



ಈಗ ಅಣಬೆ ಹಬ್ಬಕ್ಕೆ ಬರೋಣ. ಅಣಬೆಗೂ ಒಂದು ಹಬ್ಬವೇ ಎಂದು ಮೂಗು ಮುರಿಯಬೇಡಿ. ವಿಶಾಖಪಟ್ಟಣದ ಋಷಿಕೊಂಡದ ಹತ್ತಿರ ನಾವಿರುವ ಕಾಲನಿಯಲ್ಲಿ ತೆಲುಗಿನವರು, ಒಡಿಶಾದವರು, ನಮ್ಮಂತೆ ಕೆಲಸಕ್ಕೆ ಬಂದ ಕನ್ನಡದವರು ಕಲಸುಮೇಲೋಗರವಾಗಿದ್ದೇವೆ. ಒಬ್ಬರ ಹಬ್ಬ ಇನ್ನೊಬ್ಬರಿಗೆ ಸದ್ದು. ಯಾರಿಗೂ ಸೇರದ, ಹಾಗಾಗಿ ಎಲ್ಲರಿಗೂ ಸೇರಿದ ಒಂದು ಹಬ್ಬ ಬೇಕಿತ್ತು. ಮಳೆಗಾಲ ಹಿಂದೆ ಸರಿದು ಸಮುದ್ರದ ಗಾಳಿ ಸ್ವಲ್ಪ ತಣ್ಣಗಾಗುವ ಹೊತ್ತಿಗೆ ಕಾಲನಿಯ ಹಿಂದಿನ ಗುಡ್ಡದಲ್ಲಿ ನೂರಾರು ಬಗೆಯ ಅಣಬೆ ಏಳುತ್ತವೆ. ನಿವೃತ್ತ ಮೇಷ್ಟ್ರೊಬ್ಬರು, ತೆಲುಗಿನವರು, ಮೊದಲ ವರ್ಷ ನಾಲ್ಕು ಮಕ್ಕಳನ್ನು ಕಟ್ಟಿಕೊಂಡು ಗುಡ್ಡ ಸುತ್ತಿಸಿದರು. ಈಗ ಅದು ಜಾತ್ರೆಯಾಗಿದೆ. ಬೆಳಿಗ್ಗೆ ಎಲ್ಲರೂ ಬುಟ್ಟಿ ಹಿಡಿದು ಗುಡ್ಡಕ್ಕೆ ಹೋಗುವುದು, ಸಿಕ್ಕಿದ್ದನ್ನು ತಂದು ಬಾಳೆಲೆಯ ಮೇಲೆ ಜೋಡಿಸುವುದು, ಮಕ್ಕಳು ಚಿತ್ರ ಬರೆಯುವುದು, ಮಧ್ಯಾಹ್ನ ಎಲ್ಲರೂ ಕೂಡಿ ಉಣ್ಣುವುದು. ಗುಡ್ಡದ ಅಣಬೆ ನೋಡುವುದಕ್ಕೆ ಮಾತ್ರ, ಊಟಕ್ಕೆ ಪುಳಿಹೋರ ಎಂಬ ಹುಣಸೆಹುಳಿಯ ಅನ್ನ ಮತ್ತು ಫಾರ್ಮಿನಲ್ಲಿ ಬೆಳೆದ ಅಣಬೆಯ ಪಲ್ಯ. ಇದು ಹಬ್ಬದ ಕಟ್ಟುನಿಟ್ಟಿನ ನಿಯಮ.

ಅಲ್ಲಿ ಎಂ.ಎಸ್ಸಿ.ಯವಳಾದ ನನಗೆ ಮೂರು ಮೇಜುಗಳ ಉಸ್ತುವಾರಿ. ಒಂದರ ಮೇಲೆ 'ತಿನ್ನಬಹುದು' ಎಂಬ ಫಲಕ, ಇನ್ನೊಂದರ ಮೇಲೆ 'ತಿನ್ನಬಾರದು', ಮೂರನೆಯದರ ಮೇಲೆ 'ಗೊತ್ತಿಲ್ಲ'. ಮೂರನೆಯ ಮೇಜೇ ಎಲ್ಲಕ್ಕಿಂತ ಉದ್ದ. ಹೋದ ವರ್ಷ ಮೊದಲ ಸಲ ಹಬ್ಬಕ್ಕೆ ಬಂದಿದ್ದ ಮಾವ ಆ ಮೇಜಿನ ಮುಂದೆ ನಿಂತು ತಲೆಯಾಡಿಸಿದ್ದರು.

"ಇಷ್ಟು ಓದಿ, ಗೊತ್ತಿಲ್ಲ ಅಂತ ಬೋರ್ಡು ಹಾಕ್ಕೊಂಡು ಕುಂತೀಯಲ್ಲವ್ವಾ! ನಮ್ಮ ಮರ್ಯಾದಿ ಪ್ರಶ್ನೆ."

"ಓದಿದ್ದಕ್ಕ ಗೊತ್ತಿಲ್ಲ ಅಂತ ಗೊತ್ತಾಗಿದ್ದು ಮಾವ."

"ಹಂಗಾದ್ರ ನಾನು ಓದಿಲ್ಲ, ನನಗೆಲ್ಲ ಗೊತ್ತೈತಿ!" ಎಂದು ನಕ್ಕು, ಮೂರನೆಯ ಮೇಜಿನಿಂದ ಒಂದೊಂದೇ ಅಣಬೆಯನ್ನು ಎತ್ತಿ, ಮೂಸಿ, ಮೊದಲ ಮೇಜಿಗೆ ದಾಟಿಸತೊಡಗಿದರು. ಹಿಂದೆ ನಿಂತು ನಾನು ಒಂದೊಂದೇ ವಾಪಸು ತಂದೆ. ಮಕ್ಕಳು ಇದನ್ನೂ ಕಾರ್ಯಕ್ರಮದ ಒಂದು ಭಾಗ ಎಂದು ತಿಳಿದು ಚಪ್ಪಾಳೆ ಹೊಡೆದರು. ಮೇಷ್ಟ್ರು ಮಾತ್ರ ನನ್ನನ್ನು ಬದಿಗೆ ಕರೆದು, ಬಹಳ ವಿನಯದಿಂದ, ಮುಂದಿನ ವರ್ಷ ಮಾವನವರಿಗೆ ರಂಗೋಲಿ ಸ್ಪರ್ಧೆಯ ತೀರ್ಪುಗಾರಿಕೆ ಕೊಡಬಹುದಲ್ಲವೇ ಎಂದು ಕೇಳಿದರು.

ಈ ವರ್ಷ ಮಾವನನ್ನು ಹಬ್ಬಕ್ಕೆ ಕರೆಯುವ ಮನಸ್ಸಿರಲಿಲ್ಲ. ಅವರ ಮೇಲಿನ ಕೋಪಕ್ಕಲ್ಲ. ಮನೆಯಲ್ಲಿ ಅತ್ತೆಗೆ ಹುಷಾರಿರಲಿಲ್ಲ. ಮಳೆಗಾಲದಲ್ಲಿ ಟೈಫಾಯಿಡ್ ಬಂದು ಹೋಗಿತ್ತು. ಜ್ವರ ಹೋದದ್ದು ಹಸಿವನ್ನೂ ಎತ್ತಿಕೊಂಡು ಹೋಗಿತ್ತು. ಗೋಂಗೂರ ಚಟ್ನಿಗೆ ಎರಡನೆಯ ಸಲ ಅನ್ನ ಬಡಿಸಿಕೊಳ್ಳುತ್ತಿದ್ದ ಹೆಂಗಸು, ಆವಕಾಯಿ ಉಪ್ಪಿನಕಾಯಿಯ ಭರಣಿ ಬಿಚ್ಚಿದರೆ ಬೀದಿಗೆಲ್ಲ ಹಂಚುತ್ತಿದ್ದ ಹೆಂಗಸು, ಈಗ ಎರಡು ತುತ್ತಿಗೆ ತಟ್ಟೆ ಸರಿಸುತ್ತಿದ್ದರು. ಡಾಕ್ಟರು ಮತ್ತೆ ಮತ್ತೆ ರಕ್ತ ನೋಡಿದರು. ಏನೂ ತೊಂದರೆಯಿಲ್ಲ, ತಿನ್ನಬೇಕು ಅಷ್ಟೇ ಅಂದರು. ಮಾವ ಫೋನಿನಲ್ಲಿ ಹೇಳಿದರು: "ರಿಪೋರ್ಟೆಲ್ಲ ಸರಿ ಐತವ್ವಾ. ಅಕಿ ಮಾತ್ರ ಸರಿ ಇಲ್ಲ."

ನಾನು ಒಂದು ಭಾನುವಾರ ಪಟಮಟಕ್ಕೆ ಹೋಗಿದ್ದೆ. ಅಂಗಡಿಯಲ್ಲಿ ಅಕ್ಕಿಮೂಟೆ ತೂಗುವ ದೊಡ್ಡ ತಕ್ಕಡಿಯ ಮೇಲೆ ಮಾವ ದಿನಾ ಬೆಳಿಗ್ಗೆ ಅತ್ತೆಯನ್ನು ನಿಲ್ಲಿಸುತ್ತಿದ್ದರಂತೆ. "ನಾನೇನು ಸೋನಾ ಮಸೂರಿ ಮೂಟೆಯೇನ್ರಿ?" ಎಂದು ಅತ್ತೆ ಬೈಯುತ್ತಲೇ ನಿಲ್ಲುತ್ತಿದ್ದರು. ಮುಳ್ಳು ಎಲ್ಲಿ ನಿಂತಿತು ಎಂದು ಮಾವ ಯಾರಿಗೂ ಹೇಳುತ್ತಿರಲಿಲ್ಲ. ಕೇಳಿದರೆ, "ತಕ್ಕಡಿ ಕೆಟ್ಟೈತಿ, ರಿಪೇರಿ ಮಾಡಬೇಕು" ಎನ್ನುತ್ತಿದ್ದರು. ಬೆಜವಾಡದ ಅರ್ಧ ತಕ್ಕಡಿಗಳನ್ನು ನೇರ ಮಾಡಿದ ಮನುಷ್ಯ!

ಆ ದಿನ ನಾನು ಅತ್ತೆಯ ಮನಸ್ಸು ಬೇರೆಡೆಗೆ ಹೋಗಲಿ ಎಂದು ಅಣಬೆ ಹಬ್ಬದ ಸುದ್ದಿ ತೆಗೆದೆ. ಅತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದವರು ಹೇಳಿದರು: "ಚಿಕ್ಕಾಕಿ ಇದ್ದಾಗ ನಮ್ಮಮ್ಮ ಪುಟ್ಟಗೊಡುಗುಲ ಪಲ್ಯ ಮಾಡ್ತಿದ್ರಂಡೀ. ಹುತ್ತದ ಹತ್ರ ಅಣಬಿ ಎದ್ದಿರ್ತಾವಲ್ಲ, ಬಿಳೀ ಕೊಡಿ ಹಂಗ. ಅದು ಸಿಕ್ಕಿದ್ರ ಒಂದು ತುತ್ತು ತಿಂತಿದ್ದೆನೇನೋ."

ಎಷ್ಟೋ ವಾರಗಳ ನಂತರ ಅತ್ತೆಯ ಬಾಯಿಂದ 'ತಿನ್ನುತ್ತೇನೆ' ಎಂಬ ಮಾತು ಬಂದಿತ್ತು. ಮಾವ ಹೊಸ್ತಿಲಲ್ಲಿ ನಿಂತವರು ಅಲ್ಲೇ ಕೂತುಬಿಟ್ಟರು. ಮರುದಿನ ಮಾರುಕಟ್ಟೆಯಿಂದ ಡಬ್ಬಿಯಲ್ಲಿ ಬರುವ ಬಿಳಿ ಗುಂಡು ಅಣಬೆ ತಂದು ಮಾಡಿಸಿದರು. ಅತ್ತೆ ಒಂದು ಚೂರು ಅಗಿದು ತಟ್ಟೆಯ ಅಂಚಿಗಿಟ್ಟರು. ಗುಡ್ಡಗಾಡಿನ ಸಂತೆಗೆ ಬರುವ ಅಣಬೆಯೂ ಈ ಸಲ ಬೇಗ ಮುಗಿದಿತ್ತು. ಹಾಗಾಗಿ ಹಬ್ಬಕ್ಕೆ ನಾನು ಕರೆಯದಿದ್ದರೂ ಮುಂಚಿನ ದಿನವೇ ಮಾವ ಅತ್ತೆಯನ್ನು ರೈಲು ಹತ್ತಿಸಿಕೊಂಡು ನಮ್ಮ ಮನೆ ಬಾಗಿಲಿಗೆ ಬಂದು ನಿಂತರು. ರೈಲಿನಲ್ಲಿ ಅತ್ತೆ ಏನು ತಿಂದರು ಎಂದು ಕೇಳಿದೆ. "ಗಾಳಿ" ಅಂದರು ಮಾವ.

ಅತ್ತೆ ಒಂದು ಕನಸು ಮುಗಿಯುವಷ್ಟು ಹೊತ್ತು ಮಲಗಿ ಎದ್ದಿರಬೇಕು, ಅಷ್ಟರಲ್ಲಿ ಮಾವ ತಿರುಗಾಡಲು ಹೋದವರು ಟವೆಲ್ಲಿನಲ್ಲಿ ಗಂಟು ಕಟ್ಟಿಕೊಂಡು ಬಂದರು. ಮುಖದಲ್ಲಿ ಎಂಥ ಬೆಳಕು! ಗಂಟು ಬಿಚ್ಚಿದರೆ ದೊಡ್ಡ ದೊಡ್ಡ ಬಿಳಿ ಅಣಬೆಗಳು. ತಲೆಯ ಮೇಲೆ ತಿಳಿಕಂದು ಚಕ್ಕೆ, ದಂಟಿಗೆ ಉಂಗುರ. ಕೆಳಗಿನ ಪಾರ್ಕಿನ ಹುಲ್ಲಿನಲ್ಲಿ ಸಿಕ್ಕವಂತೆ.

"ನೋಡು ಹೆಂಗದಾವ! ನಮ್ಮ ಹೊಲದಾಗ ಏಳತಿದ್ವಲ್ಲ, ಅವೇ ಇವು."

"ಮಾವ, ಹುತ್ತದ ಅಣಬಿಗೆ ಕೆಳಗ ಬೇರಿನ ಹಂಗ ಉದ್ದ ದಂಟು ಇರ್ತೈತಿ. ಇದಕ್ಕಿಲ್ಲ. ನನಗ ಸಂಶಯ ಐತಿ."

"ಸಂಶಯ ಇದ್ರ ಪರೀಕ್ಷಾ ಮಾಡೂಣು!"

ನಾನು ಬೇಡವೆನ್ನುವುದರೊಳಗೆ ಶುರುವಾಯಿತು. ಬೆಳ್ಳುಳ್ಳಿ ಎಸಳಿನ ಜೊತೆ ಕುದಿಸಿದರು, ಬೆಳ್ಳುಳ್ಳಿ ಕಪ್ಪಾಗಲಿಲ್ಲ: ಪಾಸು. ಅತ್ತೆಯ ಬೆಳ್ಳಿ ಕಾಲುಂಗುರ ಬಿಚ್ಚಿಸಿ ಪಾತ್ರೆಗೆ ಹಾಕಿದರು, ಬೆಳ್ಳಿ ಹೊಳೆಯುತ್ತಲೇ ಇತ್ತು: ಪಾಸು. ಒಂದು ಚೂರನ್ನು ಬಾಲ್ಕನಿಯಲ್ಲಿ ಇರುವೆಗಳ ಮುಂದೆ ಇಟ್ಟರು, ಇರುವೆಗಳು ಸಂತೋಷದಿಂದ ಹೊತ್ತುಕೊಂಡು ಹೋದವು: ಪ್ರಥಮ ದರ್ಜೆ! ಈ ಯಾವ ಪರೀಕ್ಷೆಗೂ ಅಣಬೆಯ ವಿಷಕ್ಕೂ ಸಂಬಂಧವಿಲ್ಲ ಎಂದು ನಾನು ಹೇಳುತ್ತಲೇ ಇದ್ದೆ. ಇರುವೆಯ ಹೊಟ್ಟೆ ಬೇರೆ, ಮನುಷ್ಯನ ಹೊಟ್ಟೆ ಬೇರೆ.

"ಏವಂಡೀ, ಉಂಗುರ ಕೊಡ್ರಿ, ಕಾಲು ಬೋಳು ಕಾಣ್ತೈತಿ" ಎಂದು ಅತ್ತೆ ಮಂಚದ ಮೇಲಿನಿಂದ ಕೂಗಿದರು.

"ತಡೀ, ನಿನ್ನ ಊಟದ ವ್ಯವಸ್ಥಾ ನಡದೈತಿ!"

ಕೊನೆಗೆ ನಾನು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತೆ. ಕುದಿಸಿದ್ದನ್ನು ಚೆಲ್ಲಿಸಿದೆ. ನನ್ನ ಪರೀಕ್ಷೆಯನ್ನೂ ಮಾಡೋಣ, ಬೆಳಿಗ್ಗೆಯವರೆಗೆ ಸಮಯ ಕೊಡಿ ಎಂದೆ. ಒಂದು ಅಣಬೆಯ ಕೊಡೆಯನ್ನು ಕತ್ತರಿಸಿ, ಬಿಳಿ ಹಾಳೆಯ ಮೇಲೆ ಬೋರಲು ಇಟ್ಟು, ಮೇಲೆ ಸ್ಟೀಲಿನ ಬಟ್ಟಲು ಮುಚ್ಚಿದೆ. ಅಣಬೆಯ ಪದರಗಳ ನಡುವಿನಿಂದ ಬೀಜದ ಧೂಳು ಹಾಳೆಯ ಮೇಲೆ ಉದುರುತ್ತದೆ, ಅದರ ಬಣ್ಣ ನೋಡಿ ಜಾತಿ ಹೇಳಬಹುದು. ಹುತ್ತದ ಅಣಬೆಯಾದರೆ ತಿಳಿಗುಲಾಬಿ. ಅದನ್ನೇ ಹೋಲುವ, ಹುಲ್ಲಿನಲ್ಲಿ ಏಳುವ ವಿಷದ ಅಣಬೆಯೊಂದಿದೆ. ಅದರದು ಹಸಿರು.

"ಬಟ್ಟಲು ಬೆಳಿಗ್ಗೆ ಹಬ್ಬದಾಗ ಮಕ್ಕಳ ಮುಂದ ತಗೀತೀನಿ. ಅಲ್ಲೀತನಕ ಒಂದನ್ನೂ ಮುಟ್ಟಬ್ಯಾಡ್ರಿ ಮಾವ."

"ಆತು ಬಿಡವ್ವಾ."

ಅಷ್ಟು ಸುಲಭವಾಗಿ! ನಲ್ಲಿಯ ಕೆಳಗೆ ಕೊಡೆ ಹಿಡಿದು ಕೂತ ಮನುಷ್ಯ ಒಂದೇ ಮಾತಿಗೆ 'ಆತು' ಅಂದುಬಿಟ್ಟರು. ಉಳಿದ ಅಣಬೆಗಳನ್ನೆಲ್ಲ ನಾನು ಚೀಲಕ್ಕೆ ಹಾಕಿ, ಬೆಳಿಗ್ಗೆ ಬಟ್ಟಲಿನ ಜೊತೆ ಹಬ್ಬಕ್ಕೆ ಒಯ್ದೆ. ಎಲ್ಲವನ್ನೂ ಒಯ್ದೆ ಎಂದೇ ತಿಳಿದಿದ್ದೆ.

ಹಬ್ಬದ ಬೆಳಗು ಚೆನ್ನಾಗಿತ್ತು. ಎಳೆ ಬಿಸಿಲು, ಸಮುದ್ರದ ಗಾಳಿ, ಒದ್ದೆ ಮಣ್ಣಿನ ವಾಸನೆ. ಗುಡ್ಡದಿಂದ ಮಕ್ಕಳು ಏನೇನು ತಂದಿದ್ದರು ಅಂತೀರಿ! ಕಿತ್ತಳೆ ಬಣ್ಣದ ಕಿವಿಗಳು, ಹವಳದ ಗಿಡದಂಥವು, ಮುಟ್ಟಿದರೆ ಹೊಗೆಯುಗುಳುವ ಚೆಂಡುಗಳು, ಬಲೆಯ ಲಂಗ ತೊಟ್ಟು ನಾತ ಬೀರುವ ಒಂದು ಸುಂದರಿ. ನಿನ್ನೆ ಇಲ್ಲದ್ದು ಇವತ್ತು ಎಲ್ಲಿಂದ ಬಂತು, ನಾಳೆ ಎಲ್ಲಿಗೆ ಹೋಗುತ್ತದೆ? ಎಷ್ಟು ಓದಿದರೂ ನನಗೆ ಈ ಬೆರಗು ಹೋಗಿಲ್ಲ. 'ಗೊತ್ತಿಲ್ಲ' ಮೇಜಿಗೆ ಇನ್ನೊಂದು ಬೆಂಚು ಜೋಡಿಸಬೇಕಾಯಿತು.

ನನ್ನ ಗಂಡ ಅತ್ತೆ ಮಾವರನ್ನು ನಿಧಾನವಾಗಿ ನಡೆಸಿಕೊಂಡು ಬಂದರು. ಅತ್ತೆ ಬಾದಾಮಿ ಮರದ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತರು. ಮಾವ ಅವರ ಪಕ್ಕದಲ್ಲೇ ನಿಂತರು. ಕೈಯಲ್ಲೊಂದು ಸಣ್ಣ ಸ್ಟೀಲ್ ಡಬ್ಬಿ, ಕಣ್ಣು ಆಗಾಗ ಕೈಗಡಿಯಾರದ ಕಡೆಗೆ. ಹಬ್ಬದ ಗದ್ದಲದಲ್ಲಿ ನಾನು ಅದಕ್ಕೆ ಗಮನ ಕೊಡಲಿಲ್ಲ.

ಬಟ್ಟಲು ತೆಗೆಯುವ ಹೊತ್ತಾಯಿತು. ಮಕ್ಕಳು ಮೇಜಿನ ಸುತ್ತ ಮುತ್ತಿಕೊಂಡರು. ಮೇಷ್ಟ್ರು ತೆಲುಗಿನಲ್ಲಿ ಜಾದೂಗಾರನ ಹಾಗೆ ಭಾಷಣ ಮಾಡಿದರು. ಗುಲಾಬಿ ಎಂದು ಅರ್ಧ ಮಕ್ಕಳು, ಹಸಿರು ಎಂದು ಅರ್ಧ ಮಕ್ಕಳು ಕೂಗತೊಡಗಿದರು. ನಾನು ಬಟ್ಟಲು ತೆಗೆದು ಅಣಬೆಯ ಕೊಡೆಯನ್ನು ಮೆಲ್ಲಗೆ ಎತ್ತಿದೆ. ಬಿಳಿ ಹಾಳೆಯ ಮೇಲೆ, ಕುಂಚದಿಂದ ಗೆರೆ ಎಳೆದ ಹಾಗೆ, ದುಂಡನೆಯ ಹಸಿರು ಚಿತ್ರ! ಹಸಿರಿನವರು ಕುಣಿದರು. ನಾನೂ ಹೆಮ್ಮೆಯಿಂದ ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಹಿಡಿದೆ. ಹೌದು, ಮಾವನ ಕಡೆಗೂ ಸ್ವಲ್ಪ ತಿರುಗಿಸಿಯೇ ಹಿಡಿದೆ.

ಮಾವ ಹತ್ತಿರ ಬಂದರು. ಹಾಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ, ಪಕ್ಕದ ಮನೆಯ ಸಮಾಚಾರ ಕೇಳುವ ದನಿಯಲ್ಲಿ ಕೇಳಿದರು:

"ಅಲ್ಲವ್ವಾ, ಈ ಹಸರು ಹೊಟ್ಟಿ ಒಳಗ ಹೋದ್ರ ಏನಾಗ್ತೈತಿ?"

ನಾನು ಹಾಳೆಯನ್ನು ಕೆಳಗಿಳಿಸಿದೆ. "ಯಾರ ಹೊಟ್ಟಿ ಮಾವ? ಅತ್ತಿ ತಿಂದ್ರೇನು?"

"ಅಕಿಗೆ ಇನ್ನೂ ಕೊಟ್ಟಿಲ್ಲ." ಡಬ್ಬಿಯನ್ನು ಎದೆಗೆ ಒತ್ತಿಕೊಂಡರು. "ನೀನು ಈ ಕಡೆ ಬಂದಿ, ಅಳಿಯಾ ಸ್ನಾನಕ್ಕ ಹೋಗಿದ್ದ. ಒಂದು ಎತ್ತಿಟ್ಟಿದ್ದೆ. ಪಲ್ಯ ಮಾಡಿ ಮೊದಲು ನಾನು ತಿಂದೆ. ತಾಸು ಆಗ್ಲಿ ಅಂತ ತಡದೀನಿ."

"ತಾಸು ಆತೇನು?"

"ಆಗಿತ್ತು. ಇನ್ನೇನು ಡಬ್ಬಿ ತಗೀಬೇಕು ಅನ್ನೂದ್ರಾಗ ಹೊಟ್ಟ್ಯಾಗ ಯಾರೋ ತಿರುವಿದಂಗಾತು. ಅದಕ್ಕ ಕೇಳಿದೆ."

ಇಷ್ಟು ಹೇಳಿದವರೇ 'ಗೊತ್ತಿಲ್ಲ' ಮೇಜಿನ ಕಾಲು ಹಿಡಿದುಕೊಂಡು ಕೂತರು. ಮುಂದಿನದನ್ನು ವರ್ಣಿಸುವುದಿಲ್ಲ. ಮಕ್ಕಳ ಚಿತ್ರಸ್ಪರ್ಧೆಯನ್ನು ಆ ಮೂಲೆಯಿಂದ ಬೇರೆ ಮೂಲೆಗೆ ಸ್ಥಳಾಂತರಿಸಲಾಯಿತು ಎಂದರೆ ಸಾಕು. ಮೇಷ್ಟ್ರು ತಮ್ಮ ಕಾರು ತಂದರು. ನನ್ನ ಗಂಡ ಮಾವನನ್ನು ಎತ್ತಿ ಕೂರಿಸಿದರು. ಆ ಗಡಿಬಿಡಿಯಲ್ಲೂ ನನ್ನ ಕಿವಿಯಲ್ಲಿ ಹೇಳಿದರು: "ನಿಮ್ಮ ಮಾವನನ್ನ ಯಾವ ಟೇಬಲ್ ಮ್ಯಾಲೆ ಇಡೋದು?" ನನಗೆ ಅಳುವಿನ ನಡುವೆ ನಗು ಬಂದು, ಎರಡೂ ಅರ್ಧಕ್ಕೇ ನಿಂತವು.

ಆಸ್ಪತ್ರೆಯಲ್ಲಿ ಬೀದರ್ ಕಡೆಯ ಹುಡುಗಿಯೊಬ್ಬಳು ಡಾಕ್ಟರು. ನಾನು ಹಸಿರು ಹಾಳೆಯನ್ನೂ ಪಲ್ಯದ ಡಬ್ಬಿಯನ್ನೂ ಅವಳ ಮೇಜಿನ ಮೇಲಿಟ್ಟು, ಯಾವ ಜಾತಿ, ತಿಂದದ್ದು ಯಾವಾಗ ಎಂದೆಲ್ಲ ಹೇಳಿದೆ. ಅವಳು ಸಮಾಧಾನದಿಂದ ಕೇಳಿದಳು. ಇದು ಸಾಮಾನ್ಯವಾಗಿ ಪ್ರಾಣ ತೆಗೆಯುವ ಜಾತಿಯಲ್ಲ, ಆದರೆ ಮೈಯ ನೀರನ್ನೆಲ್ಲ ಹಿಂಡಿ ತೆಗೆಯುತ್ತದೆ, ಬೇಗ ಕರೆತಂದದ್ದು ಒಳ್ಳೆಯದಾಯಿತು ಅಂದಳು. ಸಲೈನ್ ಹಚ್ಚಿದಳು. ನಿತ್ರಾಣವಾಗಿ ಮಲಗಿದ್ದ ಮಾವನನ್ನು ಕೇಳಿದಳು:

"ಅಜ್ಜಾರ, ಎಷ್ಟು ತಿಂದ್ರಿ?"

"ಪರೀಕ್ಷಾಕ್ಕ ಎಷ್ಟು ಬೇಕೋ ಅಷ್ಟು."

"ಹೆಂಗಿತ್ತು?"

"ರುಚಿ ಚಲೋ ಇತ್ತು ಬಿಡವ್ವಾ" ಎಂದು ಮಾವ ಕಣ್ಣು ಮುಚ್ಚಿದರು.

ಮಧ್ಯಾಹ್ನದ ಹೊತ್ತಿಗೆ ವಾಂತಿ ನಿಂತಿತು. ಡಾಕ್ಟರು ಬಂದು ನೋಡಿ, ಇನ್ನು ಭಯವಿಲ್ಲ, ಆದರೆ ಸಂಜೆಯವರೆಗೆ ಬಾಯಿಗೆ ಏನೂ ಕೊಡಬೇಡಿ ಎಂದು ಹೇಳಿ ಹೋದಳು. ಅಲ್ಲಿಯವರೆಗೆ ಅತ್ತೆ ಮಾವನ ಪಾದವನ್ನು ಹಿಡಿದುಕೊಂಡು ಮಂಚದ ತುದಿಯಲ್ಲಿ ಗೊಂಬೆಯ ಹಾಗೆ ಕೂತಿದ್ದರು. 'ಭಯವಿಲ್ಲ' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪಾದ ಬಿಟ್ಟರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಏವಂಡೀ! ಮೀಕು ಬುದ್ಧಿ ಉಂದಾ? ಬುದ್ಧಿ ಐತೇನ್ರಿ ನಿಮಗ? ಓದಿದ ಹುಡುಗಿ ಬ್ಯಾಡ ಬ್ಯಾಡ ಅಂತ ಬಡಕೊಂಡ್ಲು. ಇರುವಿ ಮಾತು ಕೇಳ್ತೀರಿ, ಬೆಳ್ಳುಳ್ಳಿ ಮಾತು ಕೇಳ್ತೀರಿ, ಅಕಿ ಮಾತು ಕೇಳೂದಿಲ್ಲ!"

ಅದೇ ಹೊತ್ತಿಗೆ ನನ್ನ ಗಂಡ ಹಬ್ಬದ ಊಟವನ್ನು ನನಗೆಂದು ಕಟ್ಟಿಸಿಕೊಂಡು ಬಂದರು. ಬಾಳೆಲೆಯ ದೊಡ್ಡ ಪೊಟ್ಟಣ, ಒಳಗೆ ಪುಳಿಹೋರ. ಅತ್ತೆ ಅದನ್ನು ಅವರ ಕೈಯಿಂದ ಕಸಿದುಕೊಂಡರು. "ಈ ಹುಡುಗಿ ಮುಂಜಾನಿಂದ ಉಪವಾಸ, ನಿಮ್ಮ ಸಲುವಾಗಿ" ಎನ್ನುತ್ತ ತೊಡೆಯ ಮೇಲೆ ಪೊಟ್ಟಣ ಬಿಚ್ಚಿ, ನನಗೆ ಕೊಡಲೆಂದು ಕಲಸಿ ತುತ್ತು ಮಾಡಿದರು. ತುತ್ತು ಮಾಡಿದ ಕೈ ಗಾಳಿಯಲ್ಲೇ ನಿಂತಿತು.

"ನೀವು ಹೋಗಿಬಿಟ್ಟಿದ್ರ ನಾನೇನು ಮಾಡಬೇಕಿತ್ರಿ? ಆ ತಕ್ಕಡಿ ಅಂಗಡಿ ಇಟ್ಕೊಂಡು ಯಾರನ್ನ ತೂಗ್ಲಿ?" ಎಂದವರೇ, ಸಿಟ್ಟಿನ ಭರದಲ್ಲಿ, ಆ ತುತ್ತನ್ನು ತಮ್ಮ ಬಾಯಿಗೆ ಹಾಕಿಕೊಂಡರು.

ಅಗಿದರು. ನುಂಗಿದರು. ಇನ್ನೊಂದು ತುತ್ತು ಕಟ್ಟಿದರು. "ನಾನು ತಿಂತೀನಿ ಅಂದಿದ್ದು ಒಂದು ಮಾತಿಗ್ರಿ! ಮಾತಿಗೆ ಅಂದಿದ್ದಕ್ಕ ವಿಷ ತಿಂತಾರೇನು ಯಾರಾದ್ರೂ?" ಅದೂ ಬಾಯಿಗೆ ಹೋಯಿತು. ಶೇಂಗಾಬೀಜ ಕಟಕಟ ಅಗಿಯುವ ಸದ್ದು ನನಗೆ ಕೇಳಿಸುತ್ತಿತ್ತು.

ನನಗೆ ತಡೆಯಲಾಗಲಿಲ್ಲ. "ಅತ್ತಿ, ನೀವು..." ಎಂದು ಬಾಯಿ ತೆರೆದೆ.

ಸತ್ತ ಹಾಗೆ ಮಲಗಿದ್ದ ಮಾವ ಫಕ್ಕನೆ ಕಣ್ಣು ತೆರೆದರು. ಸಲೈನಿನ ಸೂಜಿ ಚುಚ್ಚಿದ್ದ ಕೈಯನ್ನು ಹಾಸಿಗೆಯಿಂದ ಎರಡು ಬೆರಳಿನಷ್ಟು ಮೇಲೆತ್ತಿ ನನ್ನತ್ತ ಅಡ್ಡಡ್ಡ ಆಡಿಸಿದರು: ಬೇಡ, ಹೇಳಬೇಡ. ಕಣ್ಣಲ್ಲಿ ಅಂಥ ಬೇಡಿಕೆಯನ್ನು ನಾನು ಎಂದೂ ಕಂಡಿರಲಿಲ್ಲ.

ಅತ್ತೆಯ ಬೈಗುಳ ಸ್ವಲ್ಪ ತಣ್ಣಗಾಯಿತು. ಕೈ ನಿಧಾನವಾಯಿತು. ಮಾವ ಗಂಟಲು ಸರಿಮಾಡಿಕೊಂಡರು. ನೀರಿಲ್ಲದೆ ಒಣಗಿದ ದನಿಯಲ್ಲಿ, ಛಾವಣಿ ನೋಡುತ್ತ ಹೇಳಿದರು:

"ಮುಂದಿನ ವರ್ಷ ಆ ಕಿತ್ತಳಿ ಬಣ್ಣದ ಅಣಬಿ ತಿಂದು ನೋಡ್ತೀನಿ."

"ಅಯ್ಯೋ ರಾಮಾ!" ಅತ್ತೆ ಭುಗಿಲೆದ್ದರು. "ತಿನ್ರಿ, ಇಡೀ ಗುಡ್ಡ ತಿನ್ರಿ! ನಿಮ್ಮನ್ನ ಕಟ್ಕೊಂಡು..." ಒಂದು ದೊಡ್ಡ ತುತ್ತು ಬಾಯಿಗೆ ಹೋಯಿತು.

ಅದು ಇಳಿಯುವವರೆಗೆ ಮಾವ ಕಾದರು. ಆಮೇಲೆ ಮತ್ತೆ: "ಬೆಳ್ಳುಳ್ಳಿ ಕಪ್ಪಾಗ್ಲಿಲ್ಲ ಅಲ್ಲ, ತಪ್ಪು ಬೆಳ್ಳುಳ್ಳೀದು."

ಅತ್ತೆ ತೆಲುಗಿಗೆ ಇಳಿದರು. ತೆಲುಗಿನಲ್ಲಿ ಬೈಯುವುದಕ್ಕೆ ಉಸಿರೂ ಹೆಚ್ಚು ಬೇಕು, ಅನ್ನವೂ ಹೆಚ್ಚು ಬೇಕು. ನನ್ನ ಗಂಡ ಸದ್ದಿಲ್ಲದೆ ಲೋಟಕ್ಕೆ ನೀರು ಬಗ್ಗಿಸಿ ಅತ್ತೆಯ ಪಕ್ಕಕ್ಕಿಟ್ಟರು. ಪೊಟ್ಟಣದ ತಳದ ಬಾಳೆಲೆ ಹಸಿರಾಗಿ ಕಾಣುವವರೆಗೂ ಮಾವ ಅಲುಗಾಡದೆ ಮಲಗಿ, ಬೆಂಕಿ ನಂದದ ಹಾಗೆ ನಡುನಡುವೆ ಒಂದೊಂದು ಮಾತು ಒಟ್ಟುತ್ತ, ಬೈಸಿಕೊಳ್ಳುತ್ತಲೇ ಇದ್ದರು.